ಒಂದು ಶಿಲ್ಲಿಂಗ್‌ಗೆ ಇಷ್ಟೇ ಕರೆಂಟ್ ಅಂತ ಈ ಡಬ್ಬಿಗೆ ಹೇಗೆ ಗೊತ್ತಾಗುತ್ತಿತ್ತು?

ಲೆಸ್ಟರ್_ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಇಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಒಂದು ಹಳೇ ಮನೆ ತಗೊಂಡಿದ್ದೇವೆ. ಕಟ್ಟಿ ನೂರು ವರ್ಷದ ಮೇಲಾಗಿದೆ. ನೆಲಮಾಳಿಗೆ ಗುಡಿಸುವಾಗ ಮುರಿದ ಕುರ್ಚಿಗಳ ಹಿಂದೆ ಒಂದು ಕಪ್ಪು ಡಬ್ಬಿ ಸಿಕ್ಕಿತು. ನೋಡೋಕೆ ನಮ್ಮೂರಿನ ಹಳೇ ಕರೆಂಟ್ ಮೀಟರ್ ತರಹವೇ ಇದೆ. ಗಾಜಿನ ಹಿಂದೆ ಬೆಳ್ಳಗಿನ ತಟ್ಟೆ, ಮೇಲೆ ಅಂಕಿಗಳು. ಆದರೆ ಪಕ್ಕದಲ್ಲಿ ಹಿತ್ತಾಳೆ ಹಿಡಿಕೆ, ಅದರ ನೆತ್ತಿಯಲ್ಲಿ ಕಾಸು ಹಾಕುವ ಸೀಳು, ಕೆಳಗೆ ಬೀಗ ಹಾಕಿದ ದುಡ್ಡಿನ ಪೆಟ್ಟಿಗೆ. ಸೀಳಿನ ಮೇಲೆ ಒಂದು ಶಿಲ್ಲಿಂಗ್ (ಇಲ್ಲಿನ ಹಳೇ ನಾಣ್ಯ) ಅಂತ ಇದೆ.

ಕಾಸು ಹಾಕಿ ಹಿಡಿಕೆ ತಿರುಗಿಸಿದರೆ ಕರೆಂಟ್ ಬರುತ್ತಿತ್ತು, ಕಾಸು ಮುಗಿದರೆ ಹೋಗುತ್ತಿತ್ತು ಅಂತ ಪಕ್ಕದ ಮನೆ ಅಜ್ಜ ಹೇಳಿದರು. ಸರಿ, ನನಗೆ ಅರ್ಥವಾಗದೇ ಇರೋದು ಒಂದೇ. ಇದರಲ್ಲಿ ಚಿಪ್ ಇಲ್ಲ, ಬ್ಯಾಟರಿ ಇಲ್ಲ. ಎಷ್ಟು ದುಡ್ಡು ಬಾಕಿ ಇದೆ ಅಂತ ಇದು ಹೇಗೆ ನೆನಪಿಟ್ಟುಕೊಳ್ಳುತ್ತಿತ್ತು?

ಸುಮ್ನೆ_ಕೇಳ್ದೆ:
ಇದರಲ್ಲೇನಿದೆ ಗುರು. ಕಾಸಿನ ತೂಕಕ್ಕೆ ಒಂದು ಲಿವರ್ ಕೆಳಗೆ ಹೋಗುತ್ತದೆ, ಟೈಮರ್ ಶುರುವಾಗುತ್ತದೆ. ರೈಲ್ವೆ ಸ್ಟೇಷನ್‌ನಲ್ಲಿ ಬಣ್ಣಬಣ್ಣದ ದೀಪ ಉರಿಯೋ ತೂಕದ ಮೆಷಿನ್ ಇರಲಿಲ್ವಾ? ಅದೇ ತರಹ.

ಹಳೇ_ಕೆಇಬಿ:
ಟೈಮರ್ ಅಲ್ಲ ಸ್ವಾಮಿ. ಟೈಮರ್ ಆಗಿದ್ದರೆ ಒಂದು ಬಲ್ಬ್ ಹಾಕಿದವನಿಗೂ ಹೀಟರ್ ಹಾಕಿದವನಿಗೂ ಒಂದೇ ಹೊತ್ತು ಕರೆಂಟ್ ಸಿಗಬೇಕಿತ್ತು. ಅದು ನ್ಯಾಯವಾ? ಇದು ಸರಿಯಾದ ಮೀಟರೇ, ಯೂನಿಟ್ ಅಳೆಯುತ್ತದೆ.

ನಾನು 30 ವರ್ಷ ಮೀಟರ್ ಟೆಸ್ಟಿಂಗ್‌ನಲ್ಲಿ ಇದ್ದವನು. ಕಾಸಿನ ಮೀಟರ್ ಮುಟ್ಟಿದವನಲ್ಲ, ಆದರೆ ಅದರ ಅರ್ಧ ಭಾಗ ನನಗೆ ಅಂಗೈ ಇದ್ದ ಹಾಗೆ. ಆ ತಟ್ಟೆ ಅಲ್ಯೂಮಿನಿಯಂದು. ಅದರ ಮೇಲೂ ಕೆಳಗೂ ಎರಡು ಕಾಯಿಲ್. ಒಂದಕ್ಕೆ ವೋಲ್ಟೇಜ್, ಇನ್ನೊಂದಕ್ಕೆ ಮನೆ ಎಳೆಯುವ ಕರೆಂಟ್. ಇವೆರಡರ ಕಾಂತಕ್ಷೇತ್ರ ಸೇರಿ ತಟ್ಟೆಯೊಳಗೆ ಸುಳಿ ಕರೆಂಟ್ ಹುಟ್ಟಿಸುತ್ತವೆ, ತಟ್ಟೆ ತಿರುಗುತ್ತದೆ. ಇನ್ನೊಂದು ಕಡೆ ಕಾಯಂ ಮ್ಯಾಗ್ನೆಟ್ ಬ್ರೇಕ್ ಹಿಡಿಯುತ್ತದೆ. ಇದರಿಂದ ತಟ್ಟೆಯ ವೇಗ ಎಳೆಯುವ ಪವರ್‌ಗೆ ಸರಿಯಾಗಿ ನಿಲ್ಲುತ್ತದೆ. ಎರಡು ಪಟ್ಟು ಪವರ್, ಎರಡು ಪಟ್ಟು ವೇಗ. ನಮ್ಮ ಹಳೇ ಮೀಟರ್ ಮೇಲೆ ಒಂದು ಯೂನಿಟ್‌ಗೆ 600 ಸುತ್ತು, 1200 ಸುತ್ತು ಅಂತ ಬರೆದಿರುತ್ತಿತ್ತಲ್ಲ, ಅದೇ.

ಅಂದರೆ ತಟ್ಟೆ ಸುತ್ತಿದಷ್ಟೂ ಯೂನಿಟ್ ಖರ್ಚು. ಉಳಿದದ್ದು ಒಂದೇ: ಆ ಖರ್ಚನ್ನು ಹಾಕಿದ ಕಾಸಿನಿಂದ ಕಳೆಯೋದು. ಆ ಭಾಗವನ್ನು ಗಡಿಯಾರದವರು ಹೇಳಲಿ.

ಗಡಿಯಾರ_ರಿಪೇರಿ:
ಕರೆದಿರಾ ಸರ್, ಬಂದೆ. ಮೈಸೂರಿನಲ್ಲಿ ನನ್ನದೊಂದು ಪುಟ್ಟ ಅಂಗಡಿ. ಇಂಥ ಮೀಟರಿನ ಒಳಭಾಗ ಎರಡು ಸಲ ನನ್ನ ಬೆಂಚಿನ ಮೇಲೆ ಬಂದಿತ್ತು. ವಿದೇಶದಿಂದ ಹಳೇ ಸಾಮಾನು ತರಿಸುವ ಒಬ್ಬರು ಕೊಟ್ಟಿದ್ದರು.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿ. ಈ ಮೀಟರ್ ಕಾಸನ್ನು ತೂಗುವುದಿಲ್ಲ, ನೋಡುವುದಿಲ್ಲ, ಎಣಿಸುವುದೂ ಇಲ್ಲ. ಕಾಸು ಇಲ್ಲಿ ಬರೀ ಬೀಗದ ಕೈ. ಹಿಡಿಕೆಗೂ ಒಳಗಿನ ಗೇರಿಗೂ ಸಂಬಂಧವೇ ಇಲ್ಲ, ನಡುವೆ ಖಾಲಿ ಜಾಗ. ಕಾಸು ಕೂತಾಗ ಅದರ ಅಂಚು ಸ್ವಲ್ಪ ಹೊರಗೆ ಚಾಚಿ ಒಳಗಿನ ಗೂಟಕ್ಕೆ ತಾಗುತ್ತದೆ. ಆಗ ಹಿಡಿಕೆ ತಿರುಗಿಸಿದರೆ ಕಾಸೇ ಗೇರನ್ನು ತಳ್ಳುತ್ತದೆ. ಅರ್ಧ ಸುತ್ತಾದ ಮೇಲೆ ಕಾಸು ಪೆಟ್ಟಿಗೆಗೆ ಬೀಳುತ್ತದೆ. ಕಾಸು ಚಿಕ್ಕದಾದರೆ ಗೂಟಕ್ಕೆ ಎಟುಕುವುದಿಲ್ಲ. ದೊಡ್ಡದಾದರೆ ಸೀಳಿನಲ್ಲೇ ಹೋಗುವುದಿಲ್ಲ. ಪರೀಕ್ಷೆ ಇಷ್ಟೇ.

ಈಗ ಕಳೆಯುವ ಲೆಕ್ಕ. ಮನೆಯಲ್ಲಿ ಉದ್ದದ ಬೋಲ್ಟ್, ನಟ್ ಇದ್ದರೆ ತಗೊಳ್ಳಿ. ನಟ್ ತಿರುಗದ ಹಾಗೆ ಹಿಡಿದು ಬೋಲ್ಟನ್ನು ಮಾತ್ರ ತಿರುಗಿಸಿ. ನಟ್ ಮುಂದೆ ಹೋಗುತ್ತದೆ, ಅಲ್ವಾ? ಇದು ಕಾಸು ಹಾಕಿದ ಹಾಗೆ. ಈಗ ಬೋಲ್ಟ್ ಹಿಡಿದುಕೊಂಡು ನಟ್ಟನ್ನು ಅದೇ ದಿಕ್ಕಿಗೆ ತಿರುಗಿಸಿ. ಹಿಂದಕ್ಕೆ ಬರುತ್ತದೆ. ಇದು ಕರೆಂಟ್ ಖರ್ಚಾದ ಹಾಗೆ. ನಟ್ ಎಲ್ಲಿದೆಯೋ ಅದೇ ನಿಮ್ಮ ಬಾಕಿ. ತುದಿಗೆ ಬಂದು ಒಂದು ಲಿವರಿಗೆ ತಾಗಿತು ಅಂದರೆ ಸ್ವಿಚ್ ಆಫ್. ಲೆಸ್ಟರ್ ಸರ್ ಕೇಳಿದ ನೆನಪು ಅಂದರೆ ಇದೇ.

ಸುಮ್ನೆ_ಕೇಳ್ದೆ:
ಇಷ್ಟೊಂದು ಯಾಕೆ? ಒಂದು ಮುಳ್ಳು ಇಡಿ. ಕಾಸು ಹಾಕಿದಾಗ ಮುಂದಕ್ಕೆ ತಳ್ಳಿ, ತಟ್ಟೆ ಅದನ್ನ ಹಿಂದಕ್ಕೆ ಎಳೆದುಕೊಂಡು ಬರಲಿ. ಮುಗೀತು.

ಗಡಿಯಾರ_ರಿಪೇರಿ:
ಚೆನ್ನಾಗಿ ಕೇಳಿದಿರಿ. ಆ ಮುಳ್ಳು ತಟ್ಟೆಯ ಗೇರಿಗೆ ಸೇರಿಕೊಂಡೇ ಇರಬೇಕಲ್ಲ? ಹಾಗಿದ್ದಾಗ ನೀವು ಹಿಡಿಕೆಯಿಂದ ಮುಳ್ಳನ್ನು ಮುಂದೆ ತಳ್ಳಿದರೆ ಗೇರುಗಳ ಮೂಲಕ ತಟ್ಟೆಯೇ ಹಿಂದಕ್ಕೆ ತಿರುಗಬೇಕು. ತಿರುಗುತ್ತದಾ? ಇಲ್ಲ, ಗೇರಿನ ಹಲ್ಲು ಮುರಿಯುತ್ತದೆ.

ಎರಡು ಕೈಗಳು ಒಂದೇ ಮುಳ್ಳನ್ನು ಎಳೆಯಬೇಕು, ಆದರೆ ಒಂದು ಕೈಯ ಕೆಲಸ ಇನ್ನೊಂದಕ್ಕೆ ತಾಗಬಾರದು. ಅದಕ್ಕೇ ಡಿಫರೆನ್ಷಿಯಲ್ ಬೇಕು. ಬೋಲ್ಟ್ ನಟ್ ಅದರ ಒಂದು ರೂಪ. ಇನ್ನೊಂದು ರೂಪ ಲಾರಿಯ ಹಿಂದಿನ ಆಕ್ಸಲ್‌ನಲ್ಲಿ ಇರುವಂಥದ್ದೇ: ಎದುರುಬದುರು ಎರಡು ಗೇರ್, ನಡುವೆ ಎರಡನ್ನೂ ಕಚ್ಚಿಕೊಂಡ ಪುಟ್ಟ ಗೇರ್. ಲಾರಿಯಲ್ಲಿ ಇಂಜಿನ್ನಿನ ಒಂದು ತಿರುಗಾಟ ಎರಡು ಚಕ್ರಕ್ಕೆ ಹಂಚಿಹೋಗುತ್ತದೆ. ಇಲ್ಲಿ ಉಲ್ಟಾ. ಎಡದ ಗೇರನ್ನು ಕಾಸು ತಿರುಗಿಸುತ್ತದೆ, ಬಲದ್ದನ್ನು ತಟ್ಟೆ ಎದುರು ದಿಕ್ಕಿಗೆ ತಿರುಗಿಸುತ್ತದೆ. ನಡುವಿನ ಪುಟ್ಟ ಗೇರ್ ಹೊತ್ತ ತೋಳು ಎರಡರ ವ್ಯತ್ಯಾಸದ ಅರ್ಧದಷ್ಟು ಸರಿಯುತ್ತದೆ. ಮುಳ್ಳು ಇರೋದು ಆ ತೋಳಿಗೆ.

ಸುಮ್ನೆ_ಕೇಳ್ದೆ:
ಆಯ್ತು, ಸೋತೆ. ಲಾರಿ ಉದಾಹರಣೆ ಮೊದಲೇ ಕೊಡಬಾರದಿತ್ತಾ.

ಹಳೇ_ಕೆಇಬಿ:
ಒಂದು ಮಾತು ಸೇರಿಸುತ್ತೇನೆ. ಮೀಟರ್ ತಟ್ಟೆಗೆ ಶಕ್ತಿ ಅಂತ ಏನೂ ಇಲ್ಲ. ಬೆರಳ ತುದಿ ತಾಗಿದರೂ ನಿಂತುಹೋಗುತ್ತದೆ. ಅಂಥದ್ದು ಮನೆಯ ಪೂರ್ತಿ ಕರೆಂಟ್ ಕಡಿಯುವ ಸ್ವಿಚ್ಚನ್ನು ಎಳೆದು ತೆಗೆಯಬೇಕು ಅಂದರೆ ಆಗದ ಮಾತು. ಆ ಶಕ್ತಿ ಎಲ್ಲಿಂದ ಬರುತ್ತದೆ ಅಂದುಕೊಂಡಿರಿ?

ಕುಡ್ಲದವ:
ಕಾಸು ಹಾಕಿದವನ ಕೈಯಿಂದ! ಹಿಡಿಕೆ ತಿರುಗಿಸುವಾಗ ಸ್ಪ್ರಿಂಗ್ ಬಿಗಿಯಾಗುತ್ತದೆ ಅಂತ ನನ್ನ ಊಹೆ. ಸರಿಯಾ ಮಾರಾಯ್ರೆ?

ಹಳೇ_ಕೆಇಬಿ:
ನೂರಕ್ಕೆ ನೂರು. ಇಲಿ ಬೋನಿನ ತರಹ. ಬೋನಿನ ಸ್ಪ್ರಿಂಗ್ ಎಳೆದು ಇಡೋದು ನೀವು, ಇಲಿ ಸುಮ್ನೆ ಕೊಕ್ಕೆ ಮುಟ್ಟುತ್ತದೆ ಅಷ್ಟೇ. ತಟ್ಟೆಯ ಕೆಲಸವೂ ಅಷ್ಟೇ. ಇನ್ನೊಂದು ಕಾರಣವೂ ಇದೆ. ಸ್ವಿಚ್ ನಿಧಾನವಾಗಿ ಬಿಟ್ಟುಕೊಂಡರೆ ಕಿಡಿ ಹಾರಿ ಕಾಂಟ್ಯಾಕ್ಟ್ ಸುಟ್ಟುಹೋಗುತ್ತದೆ. ಟಕ್ ಅಂತ ಒಂದೇ ಏಟಿಗೆ ಬಿಡಬೇಕು.

ಲೆಸ್ಟರ್‌ನವರೇ, ಆ ಮೀಟರಿಗೆ ತಂತಿ ಏನಾದರೂ ಸೇರಿದೆಯಾ ನೋಡಿ. ಸೇರಿದ್ದರೆ ಮುಟ್ಟಬೇಡಿ, ಎಲೆಕ್ಟ್ರಿಷಿಯನ್ ಕರೆಸಿ. ಬಿಡಿಯಾಗಿದ್ದರೂ ಹಳೇ ಫ್ಯೂಸ್ ಪೆಟ್ಟಿಗೆ, ಮೀಟರ್ ಹಲಗೆಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಬಿಳಿ ನಾರಿನ ತುಂಡು ಕಂಡರೆ ಕೆರೆಯಬೇಡಿ.

ಲೆಸ್ಟರ್_ಕನ್ನಡಿಗ:
ತಂತಿ ಇಲ್ಲ ಸರ್, ಬಿಡಿಯಾಗೇ ಬಿದ್ದಿತ್ತು. ಕಂಪನಿಯ ಸೀಲೂ ಇಲ್ಲ. ಯಾರೋ ಹಳೇ ಮಾಲೀಕರು ಬಾಡಿಗೆ ಕೋಣೆಗೆ ಇಟ್ಟಿದ್ದು ಅನಿಸುತ್ತದೆ. ಭಾನುವಾರ ಬಿಚ್ಚಿ ನೋಡುತ್ತೇನೆ.

ಚಳಿನಾಡಿನ_ಡಾಕ್ಟರಮ್ಮ:
ಬಾಡಿಗೆ ಕೋಣೆ ಅಂದ ತಕ್ಷಣ ನನಗೆ 1973 ನೆನಪಾಯಿತು. ಮದುವೆಯಾದ ಹೊಸದು, ನಾನೂ ನಮ್ಮವರೂ ಆಸ್ಪತ್ರೆ ಕೆಲಸಕ್ಕೆ ಮ್ಯಾಂಚೆಸ್ಟರ್ ಹತ್ತಿರ ಬಂದಿದ್ದೆವು. ಒಂದೇ ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಮಂಚ. ಕರೆಂಟಿಗೊಂದು ಕಾಸಿನ ಮೀಟರ್, ಗ್ಯಾಸಿಗೊಂದು. ಎರಡೂ 10 ಪೆನ್ಸ್ ಕಾಸಿಂದು.

ಬೇಳೆ ಕುಕ್ಕರಿಗೆ ಇಟ್ಟಿರುತ್ತಿದ್ದೆ. ಎರಡನೇ ಸೀಟಿ ಕೂಗಬೇಕು ಅನ್ನುವಷ್ಟರಲ್ಲಿ ಉರಿ ಸಣ್ಣಗಾಗುತ್ತಿತ್ತು. ಕರೆಂಟ್ ಟಕ್ ಅಂತ ಹೋಗುತ್ತದೆ, ಗ್ಯಾಸ್ ಹಾಗಲ್ಲ. ನೀಲಿ ಉರಿ ಕುಗ್ಗಿ ಕುಗ್ಗಿ ಬರ್ನರಿಗೆ ಅಂಟಿಕೊಳ್ಳುತ್ತಿತ್ತು. ಅದು ಕಂಡರೆ ಕಾಸಿಗೆ ಓಡಬೇಕು. ಕಿಟಕಿ ಕಟ್ಟೆ ಮೇಲೆ ಒಂದು ಉಪ್ಪಿನಕಾಯಿ ಜಾಡಿಯಲ್ಲಿ ಬರೀ 10 ಪೆನ್ಸ್. ಆ ಜಾಡಿಯಿಂದ ಬಸ್ಸಿಗೂ ತೆಗೆಯುವ ಹಾಗಿರಲಿಲ್ಲ. ಒಂದು ರಾತ್ರಿ ಇವರು ತೆಗೆದು, ಸಾರು ಅರ್ಧ ಬೆಂದು ನಿಂತು, ಎದುರು ಕೋಣೆಯ ಐರಿಷ್ ನರ್ಸಮ್ಮನ ಬಾಗಿಲು ತಟ್ಟಿ ಚಿಲ್ಲರೆ ಕೇಳಿದ್ದೂ ಇದೆ.

ಗ್ಯಾಸಿಂದು ಅಪಾಯವೂ ಜಾಸ್ತಿ. ಉರಿ ಆರಿಹೋದದ್ದು ಗೊತ್ತಾಗದೆ, ನಲ್ಲಿ ತೆರೆದೇ ಇದ್ದು, ಯಾರೋ ಕಾಸು ಹಾಕಿದರು ಅಂದರೆ ಹಸಿ ಗ್ಯಾಸ್ ಕೋಣೆಗೆ ಬರುತ್ತದೆ. ಆಗ ನಮ್ಮ ಬೀದಿಗೆ ಇನ್ನೂ ಕಲ್ಲಿದ್ದಲಿನ ಗ್ಯಾಸ್. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತಿತ್ತು. ಎಲ್ಲ ನಲ್ಲಿ ಮುಚ್ಚಿ ಆಮೇಲೆ ಕಾಸು ಹಾಕು ಅಂತ ಮನೆಯೊಡತಿ ಮೊದಲ ದಿನವೇ ಪಾಠ ಮಾಡಿದ್ದಳು.

ಹಳೇ_ಕೆಇಬಿ:
ಡಾಕ್ಟರಮ್ಮನವರೇ, ಗ್ಯಾಸ್ ಯಾಕೆ ನಿಧಾನ ಅಂದರೆ ಅಲ್ಲಿ ಸ್ವಿಚ್ ಇಲ್ಲ, ವಾಲ್ವ್ ಇದೆ. ಗ್ಯಾಸ್ ಮೀಟರಿನೊಳಗೆ ಎರಡು ತಿದಿ ಇರುತ್ತವೆ, ಕಮ್ಮಾರನ ತಿದಿಯ ಹಾಗೆ, ಹಿಂದೆ ಚರ್ಮದವು. ಒಂದು ತುಂಬುವಾಗ ಇನ್ನೊಂದು ಖಾಲಿಯಾಗುತ್ತದೆ. ತುಂಬಿ ಖಾಲಿಯಾದ ಲೆಕ್ಕವೇ ಘನ ಅಡಿಯ ಲೆಕ್ಕ. ಅದೇ ಚಲನೆ ಗೇರಿನ ಮೂಲಕ ವಾಲ್ವನ್ನು ಮೆಲ್ಲಗೆ ಮುಚ್ಚುತ್ತಾ ಬರುತ್ತದೆ. ಇಲ್ಲಿ ಕಿಡಿಯ ಭಯ ಇಲ್ಲವಲ್ಲ, ಟಕ್ ಅನ್ನಬೇಕಾಗಿಲ್ಲ. ಅಡುಗೆ ಮಾಡುವವರಿಗೆ ಒಂದು ಎಚ್ಚರಿಕೆಯೂ ಸಿಗುತ್ತದೆ.

ನಾಣ್ಯದ_ಹುಚ್ಚ:
ಕಾಸಿನ ಮೀಟರ್ ಮೊದಲು ಬಂದದ್ದೂ ಗ್ಯಾಸಿಗೇ. ಬರ್ಮಿಂಗ್‌ಹ್ಯಾಮ್‌ನ ಬ್ರೌನ್‌ಹಿಲ್ ಅನ್ನುವವರು 1887ರಲ್ಲಿ ಪೇಟೆಂಟ್ ಮಾಡಿದರು. ಅಲ್ಲಿಯವರೆಗೆ ಗ್ಯಾಸ್ ಅಂದರೆ ಉಳ್ಳವರ ಮನೆಯದು. ಕೂಲಿಯವರಿಗೆ ವಾರಕ್ಕೊಮ್ಮೆ ಸಂಬಳ, ಮೂರು ತಿಂಗಳ ಬಿಲ್ ಒಟ್ಟಿಗೆ ಎಲ್ಲಿಂದ ಕಟ್ಟುತ್ತಾರೆ? ಒಂದು ಪೆನ್ನಿ ಹಾಕಿ ಒಂದು ಪೆನ್ನಿಯ ಗ್ಯಾಸ್ ತಗೊಳ್ಳಿ ಅಂದಾಗ ಎಲ್ಲರ ಮನೆಗೂ ಹೋಯಿತು. 1890ರ ದಶಕದಲ್ಲಿ ಲಂಡನ್‌ನ ಸೌತ್ ಮೆಟ್ರೊಪಾಲಿಟನ್ ಗ್ಯಾಸ್ ಕಂಪನಿಯಂಥವು ಪೈಪು, ದೀಪ, ಒಲೆ ಎಲ್ಲ ತಾವೇ ಹಾಕಿಕೊಟ್ಟವು. ಆ ಖರ್ಚನ್ನು ಪೆನ್ನಿಗೆ ಸ್ವಲ್ಪ ಕಡಿಮೆ ಗ್ಯಾಸ್ ಕೊಟ್ಟು ವಸೂಲಿ ಮಾಡಿದವು. ನಮ್ಮಲ್ಲಿ ಶ್ಯಾಂಪೂ ಸ್ಯಾಶೆ ಮನೆಮನೆಗೆ ಹೋಯಿತಲ್ಲ, ಹಾಗೆ.

ಕುಡ್ಲದವ:
ನನ್ನ ತಲೆ ಬೇರೆ ಕಡೆ ಓಡುತ್ತಿದೆ. ಕಾಸಿನ ಅಳತೆ ಸರಿ ಇದ್ದರೆ ಸಾಕು ಅಂದಿರಿ. ಹಾಗಾದರೆ ವಾಷರ್ ಹಾಕಿದರೂ ನಡೆಯಬೇಕಲ್ಲ?

ಗಡಿಯಾರ_ರಿಪೇರಿ:
ನಡೆಯುತ್ತಿತ್ತು. ಅಳತೆ ಸರಿ ಇದ್ದರೆ ವಾಷರ್, ಬೇರೆ ದೇಶದ ಕಾಸು, ಅರದಿಂದ ಉಜ್ಜಿದ ಹಿತ್ತಾಳೆ ಬಿಲ್ಲೆ ಎಲ್ಲಕ್ಕೂ ಹಿಡಿಕೆ ತಿರುಗುತ್ತದೆ.

ಚಳಿನಾಡಿನ_ಡಾಕ್ಟರಮ್ಮ:
ಆದರೆ ವಾಷರ್ ಎಲ್ಲಿ ಹೋಗುತ್ತದೆ? ಪೆಟ್ಟಿಗೆಯೊಳಗೇ ತಾನೇ. ಗ್ಯಾಸಿನವನು ಬಂದು ಅಡುಗೆ ಮೇಜಿನ ಮೇಲೆ ಪೆಟ್ಟಿಗೆ ಬೋರಲು ಹಾಕುತ್ತಿದ್ದ. ಎಣಿಸಿ ಸಾಲಾಗಿ ಗೋಪುರ ಕಟ್ಟುತ್ತಿದ್ದ. ನಾಕು ಬೆರಳಲ್ಲಿ ಎಷ್ಟು ಚುರುಕು ಅಂತೀರಿ, ಬ್ಯಾಂಕಿನವರೂ ನಾಚಬೇಕು. ವಾಷರ್ ಸಿಕ್ಕರೆ ಮಾತಾಡದೆ ಪಕ್ಕಕ್ಕಿಟ್ಟು ಅಷ್ಟು ದುಡ್ಡು ಕೇಳುತ್ತಿದ್ದನಂತೆ. ಮೀಟರ್ ರೀಡಿಂಗ್ ಬೇರೆ ಇದೆಯಲ್ಲ, ತಪ್ಪಿಸಿಕೊಳ್ಳೋದು ಹೇಗೆ?

ಖುಷಿಯ ವಿಷಯ ಏನಂದರೆ ಕೊನೆಗೆ ಒಂದಷ್ಟು ಕಾಸು ನಮಗೇ ವಾಪಸ್ ಕೊಡುತ್ತಿದ್ದ. ಮೀಟರನ್ನು ನಿಜವಾದ ದರಕ್ಕಿಂತ ಸ್ವಲ್ಪ ಮೇಲೇ ಇಟ್ಟಿರುತ್ತಿದ್ದರು. ರೀಡಿಂಗ್ ಪ್ರಕಾರ ಲೆಕ್ಕ ಹಾಕಿ ಹೆಚ್ಚಾದದ್ದು ಹಿಂದಿರುಗಿಸೋದು. ನಮ್ಮದೇ ದುಡ್ಡು, ಆದರೂ ಲಾಟರಿ ಹೊಡೆದ ಹಾಗೆ. ಅದು ಮತ್ತೆ ಜಾಡಿಗೇ ಹೋಗುತ್ತಿತ್ತು, ಆ ಮಾತು ಬೇರೆ.

ಕುಡ್ಲದವ:
ಐಸಿನಲ್ಲಿ ಕಾಸು ಎರಕ ಹೊಯ್ದು ಹಾಕುತ್ತಿದ್ದರು, ಕರಗಿಹೋಗಿ ಸಾಕ್ಷಿಯೇ ಇರುತ್ತಿರಲಿಲ್ಲ ಅಂತ ಎಲ್ಲೋ ಓದಿದ್ದೆ.

ಗಡಿಯಾರ_ರಿಪೇರಿ:
ಒಳಗಿನ ಸ್ಪ್ರಿಂಗ್ ಒತ್ತುವಾಗ ಐಸ್ ಚೂರಾಗದೆ ಉಳಿಯುತ್ತದೆ ಅಂತ ನನಗಂತೂ ನಂಬಿಕೆ ಇಲ್ಲ.

ಚಳಿನಾಡಿನ_ಡಾಕ್ಟರಮ್ಮ:
ಆ ಕಥೆ ಹೇಳಿದವರನ್ನು ಬಹಳ ಕೇಳಿದ್ದೇನೆ. ಮಾಡಿದವರನ್ನು ಒಬ್ಬರನ್ನೂ ಕಂಡಿಲ್ಲ.

ಸುಮ್ನೆ_ಕೇಳ್ದೆ:
ಇನ್ನೊಂದು ಡೌಟು. ಕರೆಂಟ್ ದರ ಏರಿದರೆ ಸೀಳಿನ ಅಳತೆ ಬದಲಾಯಿಸಬೇಕಾ?

ಗಡಿಯಾರ_ರಿಪೇರಿ:
ಇಲ್ಲ, ಒಂದು ಗೇರ್ ಬದಲಾಯಿಸಿದರೆ ಸಾಕು. ಆಗ ಒಂದು ಶಿಲ್ಲಿಂಗ್‌ಗೆ 12 ಪೆನ್ನಿ. ಯೂನಿಟ್‌ಗೆ 2 ಪೆನ್ನಿ ಇದ್ದರೆ ಒಂದು ಕಾಸಿಗೆ 6 ಯೂನಿಟ್. ದರ 3 ಪೆನ್ನಿ ಆದರೆ 4 ಯೂನಿಟ್. ಅಂದರೆ ತಟ್ಟೆ ಮೊದಲಿಗಿಂತ ಕಡಿಮೆ ಸುತ್ತಿಗೇ ಬಾಕಿ ಮುಗಿಸಬೇಕು. ನಡುವಿನ ಒಂದು ಗೇರಿನ ಹಲ್ಲಿನ ಲೆಕ್ಕ ಬದಲಾದರೆ ಆಯಿತು. ದರ ಬದಲಾದಾಗ ಕಂಪನಿಯವನು ಮನೆಮನೆಗೆ ಹೋಗಿ ಆ ಗೇರ್ ಬದಲಾಯಿಸಬೇಕಿತ್ತು. ಮೀಟರಿನಲ್ಲಿ ದುಡ್ಡು ಅನ್ನೋದು ಇರೋದು ಆ ಒಂದು ಚಕ್ರದಲ್ಲಿ ಮಾತ್ರ.

ಇಂಗ್ಲೆಂಡಿನಲ್ಲಿ 1967ರಿಂದ 1977ರವರೆಗೆ ಊರೂರಿಗೂ ಕಲ್ಲಿದ್ದಲಿನ ಗ್ಯಾಸ್ ಬಿಡಿಸಿ ನಾರ್ತ್ ಸೀ ಗ್ಯಾಸ್, ಅಂದರೆ ಸಮುದ್ರದಡಿಯ ನೈಸರ್ಗಿಕ ಗ್ಯಾಸ್ ಕೊಟ್ಟರು. ಅದೇ ಒಂದು ಘನ ಅಡಿಯಲ್ಲಿ ಸುಮಾರು ಎರಡು ಪಟ್ಟು ಕಾವು. ತಿದಿಗೆ ಕಾವು ಗೊತ್ತಾಗೋದಿಲ್ಲ, ಅಡಿ ಮಾತ್ರ ಗೊತ್ತು. ಅಲ್ಲೂ ಲೆಕ್ಕ ಹೊಂದಿಸಬೇಕಾಯಿತು.

ಚಳಿನಾಡಿನ_ಡಾಕ್ಟರಮ್ಮ:
ಆ ಒಂದು ಚಕ್ರದಲ್ಲೇ ನಮಗೆ ಟೋಪಿ ಬಿದ್ದಿದ್ದು! ಆಮೇಲೆ ಬೇರೆ ಮನೆಗೆ ಹೋದೆವು. ಅಲ್ಲಿ ಮೀಟರ್ ಬೋರ್ಡಿನದಲ್ಲ, ಮಾಲೀಕನ ಸ್ವಂತದ್ದು. ಕಾಸು ಹಾಕಿದಷ್ಟೂ ನುಂಗುತ್ತಿತ್ತು. ನಮ್ಮವರು ಒಂದು ದಿನ ರಜೆ ಹಾಕಿ ಕೂತರು. ಬೇರೆಲ್ಲ ಆಫ್ ಮಾಡಿ ಒಂದು ಕಿಲೋವ್ಯಾಟ್ ಹೀಟರ್ ಒಂದನ್ನೇ ಹಾಕಿ, ಒಂದು ಕಾಸು ಎಷ್ಟು ಹೊತ್ತು ಬರುತ್ತದೆ ಅಂತ ಗಡಿಯಾರ ನೋಡಿದರು. ಒಂದು ಗಂಟೆಗೆ ಒಂದು ಯೂನಿಟ್ ತಾನೇ. ಬೋರ್ಡಿನ ದರಪಟ್ಟಿ ತಂದು ಹೋಲಿಸಿದರೆ ನಾವು ಕೊಡುತ್ತಿದ್ದದ್ದು ಸುಮಾರು ಎರಡು ಪಟ್ಟು. ಕೇಳಿದ್ದಕ್ಕೆ ಮೀಟರ್ ಹಳೇದು ಕಣಮ್ಮಾ ಅಂದ.

ಹಳೇ_ಕೆಇಬಿ:
ಮೀಟರ್ ಹಳೇದಾದರೆ ಸಾಮಾನ್ಯವಾಗಿ ನಿಧಾನ ಆಗುತ್ತದೆ, ತಾಯಿ. ಬೇರಿಂಗ್ ಸವೆದು ತಟ್ಟೆ ಕುಂಟುತ್ತದೆ. ನಿಮ್ಮ ಮಾಲೀಕರದು ಮಾತ್ರ ವಯಸ್ಸಾದಷ್ಟೂ ಓಡುತ್ತಿತ್ತು ಅಂತ ಕಾಣುತ್ತದೆ.

ಲೆಸ್ಟರ್_ಕನ್ನಡಿಗ:
ಈಗ ಹಾಗೆ ಮಾಡೋಕಾಗಲ್ಲ ಮೇಡಂ. 2003ರ ಜನವರಿಯಿಂದ ಇಲ್ಲಿ ಮಾಲೀಕರು ತಾವು ಕೊಟ್ಟ ದರಕ್ಕಿಂತ ಜಾಸ್ತಿಗೆ ಬಾಡಿಗೆದಾರರಿಗೆ ಕರೆಂಟ್ ಮಾರುವ ಹಾಗಿಲ್ಲ.

ಹಳೇ_ಕೆಇಬಿ:
ಮಾಲೀಕರ ಪರವಾಗಿಯೂ ಒಂದು ಮಾತು ಹೇಳಿಬಿಡುತ್ತೇನೆ. ಕೆಲವು ಮೀಟರಿನಲ್ಲಿ ನಿಗದಿತ ಶುಲ್ಕ ಕಳೆಯೋಕೆ ಒಳಗೊಂದು ಪುಟ್ಟ ಮೋಟಾರ್ ಇರುತ್ತಿತ್ತು. ನೀವು ಕರೆಂಟ್ ಬಳಸಲಿ ಬಿಡಲಿ, ಅದು ಹಗಲೂ ರಾತ್ರಿ ಬಾಕಿ ಕಳೆಯುತ್ತಲೇ ಇರುತ್ತದೆ. ಎರಡು ವಾರ ಊರಿಗೆ ಹೋಗಿ ಬಂದರೆ ಮೊದಲ ಕಾಸು ಹಳೇ ಸಾಲಕ್ಕೇ ಹೋಗುತ್ತಿತ್ತು. ಜನ ಮೀಟರ್ ಕಾಸು ನುಂಗಿತು ಅಂತ ಬೈಯುತ್ತಿದ್ದರು.

ನಾಣ್ಯದ_ಹುಚ್ಚ:
ನನ್ನ ಸರದಿ. 1971ರ ಫೆಬ್ರವರಿ 15ರಂದು ಬ್ರಿಟನ್ ದಶಮಾಂಶ ಲೆಕ್ಕಕ್ಕೆ ಬಂತು. ಪೌಂಡಿಗೆ 240 ಪೆನ್ನಿ ಇದ್ದದ್ದು 100 ಆಯಿತು. ಆದರೂ ಶಿಲ್ಲಿಂಗ್ ಮೀಟರಿಗೆ ಏನೂ ಆಗಲಿಲ್ಲ. ಹೊಸ 5 ಪೆನ್ಸ್ ಕಾಸನ್ನು ಶಿಲ್ಲಿಂಗ್ ಅಳತೆಗೇ ಮಾಡಿದ್ದರು, ಅಗಲ 23.6 ಮಿ.ಮೀ. ಬೆಲೆಯೂ ಒಂದೇ. ಎರಡು ಶಿಲ್ಲಿಂಗ್ ಕಾಸಿಗೆ 10 ಪೆನ್ಸ್ ಸರಿಹೊಂದಿತು. ಸಿಕ್ಕಿಬಿದ್ದದ್ದು ಪೆನ್ನಿ ಮೀಟರ್. ಹಳೇ ಪೆನ್ನಿ ಸುಮಾರು 31 ಮಿ.ಮೀ. ಅಗಲದ ಕಂಚಿನ ಬಿಲ್ಲೆ, ಹೊಸದು 20.3.

ನನಗೆ ಇಷ್ಟವಾದದ್ದು 1969ರ 50 ಪೆನ್ಸ್. ಏಳು ಮೂಲೆ. ಮೂಲೆ ಇರುವ ಕಾಸು ಯಂತ್ರದಲ್ಲಿ ಸಿಕ್ಕಿಕೊಳ್ಳಬೇಕು ಅಲ್ವಾ? ಇಲ್ಲ! ಅದರ ಬದಿಗಳು ನೇರ ಇಲ್ಲ, ಎದುರು ಮೂಲೆಯನ್ನು ಕೇಂದ್ರ ಮಾಡಿಕೊಂಡು ಬಾಗಿವೆ. ಹೇಗೆ ತಿರುಗಿಸಿ ಅಳೆದರೂ ಅಗಲ ಒಂದೇ. ನಮ್ಮ ಅಲ್ಯೂಮಿನಿಯಂ 20 ಪೈಸೆ ನೆನಪಿದೆಯಾ, ಆರು ಮೂಲೆಯದು? ಅದನ್ನು ಮೂಲೆಯಿಂದ ಮೂಲೆಗೆ ಅಳೆದರೆ ಒಂದು, ಬದಿಯಿಂದ ಬದಿಗೆ ಅಳೆದರೆ ಇನ್ನೊಂದು. ಅದನ್ನು ಈ ಮೀಟರಿಗೆ ಹಾಕಿದ್ದರೆ ಕೆಇಬಿ ಸರ್‌ನ ಕರೆಸಬೇಕಾಗುತ್ತಿತ್ತು.

ಕುಡ್ಲದವ:
ಈಗ ಸ್ಮಾರ್ಟ್ ಮೀಟರಿನಲ್ಲೂ ಪ್ರೀಪೇಯ್ಡ್ ಅಂತಾರಲ್ಲ, ಅದೂ ಇದೇ ಕಳೆಯೋ ಲೆಕ್ಕವಾ?

ಹಳೇ_ಕೆಇಬಿ:
ಲೆಕ್ಕ ಅದೇ. ಗೇರಿನ ಬದಲು ಸಾಫ್ಟ್‌ವೇರ್ ಕಳೆಯುತ್ತದೆ. ಬಾಕಿ ಮುಗಿಯುವ ಮೊದಲು ಮೆಸೇಜ್ ಬರುತ್ತದೆ, ಜಾಡಿ ಬೇಕಾಗಿಲ್ಲ.

ಲೆಸ್ಟರ್_ಕನ್ನಡಿಗ:
ಭಾನುವಾರದ ವರದಿ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಚ್ಚಿದೆ. ಬಿಳಿ ನಾರು ಎಲ್ಲೂ ಇರಲಿಲ್ಲ. ಒಳಗೆ ಗಡಿಯಾರದ ಹಾಗೇ ಇದೆ. ಎಣ್ಣೆ ಒಣಗಿ ಜೇನಿನ ಹಾಗೆ ಅಂಟಿತ್ತು. ಎದುರುಬದುರು ಎರಡು ಹಿತ್ತಾಳೆ ಗೇರ್, ನಡುವೆ ಪುಟ್ಟದು, ಥೇಟ್ ಲಾರಿಯದೇ! ದರದ ಗೇರ್ ಕೂಡ ಸಿಕ್ಕಿತು. ಒಂದೇ ಸ್ಕ್ರೂನಲ್ಲಿ ಬಿಚ್ಚುವ ಹಾಗಿದೆ, ಮೇಲೆ 2ಡಿ ಅಂತ ಕೊರೆದಿದ್ದಾರೆ. ಡಿ ಅಂದರೆ ಹಳೇ ಪೆನ್ನಿಯ ಗುರುತಂತೆ. ದುಡ್ಡಿನ ಪೆಟ್ಟಿಗೆಯ ಬೀಗ ತುಕ್ಕು ಹಿಡಿದು ಕೈಗೇ ಬಂತು. ಒಳಗೆ 1966ರ ಒಂದು ಶಿಲ್ಲಿಂಗ್. ಜೊತೆಗೆ ಅಂಚು ಉಜ್ಜಿದ ಒಂದು ಹಿತ್ತಾಳೆ ಬಿಲ್ಲೆ.

ಕುಡ್ಲದವ:
ನಾನು ಹೇಳಿರಲಿಲ್ವಾ!

ಲೆಸ್ಟರ್_ಕನ್ನಡಿಗ:
ಒಣ ಎಣ್ಣೆ ಒರೆಸಿ, ಬಾಕಿ ಸೊನ್ನೆ ಇರುವಾಗ ಆ ಶಿಲ್ಲಿಂಗ್ ಹಾಕಿ ಹಿಡಿಕೆ ತಿರುಗಿಸಿದೆ. ಕೈಗೆ ಸ್ಪ್ರಿಂಗಿನ ಭಾರ ಗೊತ್ತಾಗುತ್ತದೆ. ಮುಳ್ಳು 6 ಯೂನಿಟ್‌ಗೆ ಹೋಗಿ ನಿಂತಿತು. ಯೂನಿಟ್‌ಗೆ 200 ಸುತ್ತು ಅಂತ ಬರೆದಿದೆ, ಅಂದರೆ 1200 ಸುತ್ತಿಗೆ ಆಫ್ ಆಗಬೇಕು. ಬೆರಳಲ್ಲಿ ತಟ್ಟೆ ತಿರುಗಿಸುತ್ತಾ ಕೂತೆವು. ನಿಧಾನ ತಿರುಗಿಸಿದರೆ ಹಗುರ, ಜೋರು ಮಾಡಿದರೆ ನೀರಿನಲ್ಲಿ ಕೈ ಆಡಿಸಿದ ಹಾಗೆ ಬಿಗಿ. ಮಗಳು ಕನ್ನಡದಲ್ಲಿ ನೂರರವರೆಗೆ ಎಣಿಸಿ ಒಂದು ಗೆರೆ ಹಾಕೋದು. ಅವಳಿಗೆ ಕನ್ನಡ ಎಣಿಕೆ ಕಲಿಸೋಕೆ ನಾಲ್ಕು ವರ್ಷದಿಂದ ಒದ್ದಾಡುತ್ತಿದ್ದೆ.

1187ಕ್ಕೆ ಟಕ್ ಅಂತು. ಇಬ್ಬರೂ ಬೆಚ್ಚಿಬಿದ್ದೆವು.

ಹಳೇ_ಕೆಇಬಿ:
ತಟ್ಟೆ ಬಿಗಿಯಾದದ್ದು ಬ್ರೇಕ್ ಮ್ಯಾಗ್ನೆಟ್ಟಿನಿಂದ. ಇಷ್ಟು ವರ್ಷವಾದರೂ ಸತ್ತಿಲ್ಲ, ಒಳ್ಳೆ ಮಾಲು. 13 ಸುತ್ತು ಕಡಿಮೆ ಅಂದರೆ ನೂರಕ್ಕೆ ಒಂದು ಚಿಲ್ಲರೆ. ಲಿವರ್ ಒಂದು ಕೂದಲೆಳೆ ಮೊದಲೇ ಬಿಟ್ಟಿರಬಹುದು. ಇಲ್ಲಾ ಪುಟ್ಟಮ್ಮ ಎಣಿಸುವಾಗ ಎಪ್ಪತ್ತು, ಎಂಬತ್ತರ ನಡುವೆ ಎಲ್ಲೋ ಹಾರಿರಬೇಕು.

ಲೆಸ್ಟರ್_ಕನ್ನಡಿಗ:
ಅವಳನ್ನು ಕೇಳಿದೆ ಸರ್. ಎಪ್ಪತ್ತೊಂಬತ್ತು ಹೇಳೋಕೆ ಕಷ್ಟ, ಅದಕ್ಕೇ ಬಿಟ್ಟೆ ಅಂದಳು.

ಗಡಿಯಾರ_ರಿಪೇರಿ:
ಬಿಟ್ಟಿದ್ದರೆ ಲೆಕ್ಕ ಜಾಸ್ತಿ ಬರಬೇಕಿತ್ತು, ಕಡಿಮೆ ಅಲ್ಲ. ಹಾಗಾದರೆ ಮೀಟರೇ ಇನ್ನೂ ಹತ್ತು ಹನ್ನೆರಡು ಸುತ್ತು ಮೊದಲು ಬಿಟ್ಟಿದೆ. ಆ ಬಿಲ್ಲೆ ಹಾಕಿ ಇನ್ನೊಂದು ಸಲ ತಿರುಗಿಸಿ ನೋಡಿ.